ಮಳೆಯ ಲೆಕ್ಕದಲ್ಲಿ ಚತುರ್ಥಕಗಳು ಮತ್ತು ಅವುಗಳ ಸ್ಥಾನವನ್ನು ಕಂಡುಹಿಡಿಯುವ ಕ್ರಮ

ಮಳೆಯನ್ನೇ ನಂಬಿ ಸಾಗುವಳಿ ಮಾಡುವ ಸೀಮೆಗಳಲ್ಲಿ ಯಾವ ಬೆಳೆಯನ್ನು ಎಷ್ಟು ಎಕರೆಯಲ್ಲಿ ಇಡಬೇಕು, ಬೀಜ ಗೊಬ್ಬರಗಳಿಗಾಗಿ ಎಷ್ಟು ಸಾಲ ಮಾಡಬಹುದು ಎಂಬುದನ್ನು ರೈತನು ಮುಂಗಾರಿಗೆ ಮೊದಲೇ ನಿಶ್ಚಯಿಸಬೇಕಾಗುವುದು. ಈ ನಿಶ್ಚಯಕ್ಕೆ ಆಧಾರವಾಗಿ ಸಾಮಾನ್ಯವಾಗಿ ಹೇಳಲ್ಪಡುವುದು ಆ ಸ್ಥಳದ ಸರಾಸರಿ ಮಳೆ. ಸರಾಸರಿಯು ಉಪಯುಕ್ತವಾದ ಅಂಕಿಯೇ ಸರಿ. ಆದರೆ ಎಷ್ಟು ವರ್ಷಗಳಲ್ಲಿ ಅಷ್ಟು ಮಳೆಯು ನಿಜವಾಗಿ ದೊರೆಯುವುದೆಂಬುದು ಅದರಿಂದ ತಿಳಿಯಲಾರದು. ಎರಡು ವರ್ಷ ಅತಿವೃಷ್ಟಿಯೂ ಮೂರು ವರ್ಷ ಅನಾವೃಷ್ಟಿಯೂ ಆದರೂ ಐದು ವರ್ಷಗಳ ಸರಾಸರಿಯು ಹಿತವಾಗಿಯೇ ಕಾಣಿಸಬಹುದು. ಹೆಚ್ಚಾಗಿ ಸುರಿದ ನೀರು ಹಳ್ಳದಲ್ಲಿ ಹರಿದುಹೋಗುವುದು. ಕಾಗದದ ಮೇಲೆ ಮಾತ್ರ ಅದು ಒಣಗಿದ ವರ್ಷದ ಕೊರತೆಯನ್ನು ತುಂಬಿದಂತೆ ತೋರುವುದು.

ಆದಕಾರಣ ಜಮೀನುದಾರನು ಕೇಳಬೇಕಾದ ಪ್ರಶ್ನೆಯು, "ಸರಾಸರಿ ಮಳೆ ಎಷ್ಟು?" ಎಂಬುದಕ್ಕಿಂತಲೂ, "ನಾಲ್ಕು ವರ್ಷಗಳಲ್ಲಿ ಮೂರು ವರ್ಷವಾದರೂ ಎಷ್ಟು ಮಳೆ ಬರುವುದೆಂದು ನಂಬಬಹುದು?" ಎಂಬುದಾಗಿದೆ. ಇದಕ್ಕೆ ಉತ್ತರವನ್ನು ಕೊಡುವ ಅಂಕಿಗೆ ಕೆಳಗಿನ ಚತುರ್ಥಕವೆಂದು ಹೆಸರು. ಆ ಅಂಕಿಯನ್ನು ಕಂಡುಹಿಡಿದರೆ ಮಾತ್ರ ಸಾಲದು. ಅದು ದಾಖಲೆಯಲ್ಲಿ ಯಾವ ಸ್ಥಾನದಲ್ಲಿದೆ, ಎಂದರೆ ಯಾವ ವರ್ಷಕ್ಕೆ ಸೇರಿದುದು ಎಂಬುದನ್ನೂ ಗುರುತಿಸಬೇಕು. ಬರಿಯ ಅಂಕಿಯು ರೈತನಿಗೆ ಏನನ್ನೂ ಹೇಳದು. ವರ್ಷವು ಗೊತ್ತಾದರೆ, ಆ ವರ್ಷ ಕೆರೆ ಎಷ್ಟು ತುಂಬಿತ್ತು, ರಾಗಿ ಎಷ್ಟಾಯಿತು, ಮೇವು ಸಾಕಾಯಿತೇ ಎಂಬುದೆಲ್ಲವೂ ಗ್ರಾಮದವರ ನೆನಪಿಗೆ ಬರುವುದು. ಈ ಸ್ಥಾನವನ್ನು ತಪ್ಪಿಲ್ಲದೆ ಗುರುತಿಸುವ ಕ್ರಮವನ್ನೂ, ಅದನ್ನು ಗಣಕಯಂತ್ರದಿಂದ ಮಾಡಿಸುವ ವಿಧಾನವನ್ನೂ ಇಲ್ಲಿ ವಿವರಿಸಲಾಗಿದೆ.

ಮಧ್ಯಾಂಕ ಮತ್ತು ಚತುರ್ಥಕ

ಅಂಕಿಗಳನ್ನು ಕಡಿಮೆಯದರಿಂದ ಹೆಚ್ಚಿನದಕ್ಕೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಸರಿಯಾಗಿ ನಡುವೆ ನಿಲ್ಲುವ ಅಂಕಿಯು ಮಧ್ಯಾಂಕ. ಕೆಳಗಿನಿಂದ ಕಾಲುಭಾಗವು ಮುಗಿಯುವಲ್ಲಿ ನಿಲ್ಲುವುದು ಕೆಳಗಿನ ಚತುರ್ಥಕ. ಮುಕ್ಕಾಲು ಭಾಗವು ಮುಗಿಯುವಲ್ಲಿ ನಿಲ್ಲುವುದು ಮೇಲಿನ ಚತುರ್ಥಕ. ಹತ್ತು ಪಾಲು, ನೂರು ಪಾಲು ಮಾಡಿದರೂ ತತ್ತ್ವವು ಒಂದೇ. ಹೀಗೆ ಪಾಲುಗಳ ಗಡಿಯಲ್ಲಿ ನಿಲ್ಲುವ ಅಂಕಿಗಳಿಗೆಲ್ಲ ಒಟ್ಟಾಗಿ ಕ್ವಾಂಟೈಲ್ ಎಂಬ ಹೆಸರು ಬಳಕೆಯಲ್ಲಿದೆ.

ಈ ವಿಧದ ಲೆಕ್ಕವನ್ನು ಬಳಕೆಗೆ ತಂದವರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ (1822–1911) ಪ್ರಮುಖನು. ದನದ ಜಾತ್ರೆಗಳನ್ನು ಬಲ್ಲ ರೈತರಿಗೆ ಅವನ ಒಂದು ಪ್ರಸಿದ್ಧವಾದ ಪರೀಕ್ಷೆಯು ಸ್ವಾರಸ್ಯವಾಗಿ ತೋರಬಹುದು. 1906ರಲ್ಲಿ ಪ್ಲಿಮತ್ ನಗರದಲ್ಲಿ ನಡೆದ ದನಗಳ ಪ್ರದರ್ಶನದಲ್ಲಿ, ಒಂದು ಎತ್ತನ್ನು ತೋರಿಸಿ, ವಧೆಯ ಅನಂತರ ಅದರ ಮಾಂಸದ ತೂಕವೆಷ್ಟಾಗುವುದೆಂದು ಊಹಿಸಿ ಚೀಟಿಯಲ್ಲಿ ಬರೆಯುವ ಪಂದ್ಯವನ್ನು ಏರ್ಪಡಿಸಿದ್ದರು. ಓದಲು ಬರುವಂತಿದ್ದ 787 ಚೀಟಿಗಳನ್ನು ಗಾಲ್ಟನ್ ತರಿಸಿಕೊಂಡು ಏರಿಕೆಯ ಕ್ರಮದಲ್ಲಿ ಇರಿಸಿದನು. ಇಂತಹ ಸಾಲಿನಲ್ಲಿ ನಡುವಿನ ಚೀಟಿಯು 394ನೆಯದು. ಅದರ ಕೆಳಗೆ 393, ಮೇಲೆ 393. ಅವನು 1907ರಲ್ಲಿ ಪ್ರಕಟಿಸಿದ ಮಧ್ಯಾಂಕವು 1,207 ಪೌಂಡು. ನಿಜವಾದ ತೂಕವು 1,198 ಪೌಂಡು. ಅಷ್ಟು ಜನರ ಊಹೆಗಳ ನಡುವಿನದು ಕೇವಲ 9 ಪೌಂಡುಗಳಷ್ಟು ಹೆಚ್ಚಾಗಿತ್ತು. ಕೆಲವರು ಅತಿಯಾಗಿ ಹೆಚ್ಚಿಸಿಯೋ ತಗ್ಗಿಸಿಯೋ ಬರೆದಿದ್ದರೂ ಮಧ್ಯಾಂಕವು ಅದರಿಂದ ಕದಲುವುದಿಲ್ಲ; ಏಕೆಂದರೆ ಅದು ಅಂಕಿಗಳ ಮೊತ್ತದಿಂದಲ್ಲ, ಸ್ಥಾನದಿಂದ ನಿರ್ಣಯವಾಗತಕ್ಕದ್ದು.

ಹನ್ನೊಂದು ವರ್ಷಗಳ ಉದಾಹರಣೆ

ಭಾರತೀಯ ಹವಾಮಾನ ಇಲಾಖೆಯು ಜೂನ್ ತಿಂಗಳಿಂದ ಸೆಪ್ಟೆಂಬರ್ ವರೆಗೆ ಇಡೀ ದೇಶದಲ್ಲಿ ಬಿದ್ದ ಮುಂಗಾರು ಮಳೆಯನ್ನು, ದೀರ್ಘಕಾಲದ ಸರಾಸರಿಗೆ ಶೇಕಡಾ ಎಷ್ಟೆಂದು ಪ್ರತಿವರ್ಷವೂ ಪ್ರಕಟಿಸುವುದು. 2014ರಿಂದ 2024ರ ವರೆಗಿನ ಅಂಕಿಗಳನ್ನು ದಾಖಲೆಯ ಸಾಲಿನಂತೆ ಬರೆದರೆ ಹೀಗಾಗುವುದು:

1ನೆಯ ಸಾಲು, 2014: 88
2ನೆಯ ಸಾಲು, 2015: 86
3ನೆಯ ಸಾಲು, 2016: 97
4ನೆಯ ಸಾಲು, 2017: 95
5ನೆಯ ಸಾಲು, 2018: 91
6ನೆಯ ಸಾಲು, 2019: 110
7ನೆಯ ಸಾಲು, 2020: 109
8ನೆಯ ಸಾಲು, 2021: 99
9ನೆಯ ಸಾಲು, 2022: 106
10ನೆಯ ಸಾಲು, 2023: 94
11ನೆಯ ಸಾಲು, 2024: 108

ಇವುಗಳ ಮೊತ್ತವು 1,083. ಸರಾಸರಿಯು ಸುಮಾರು 98.5. ಈ ಸರಾಸರಿಯನ್ನು ನೋಡಿದವನು ಮಳೆಗೆ ಹೆಚ್ಚಿನ ಕೊರತೆಯೇನೂ ಇಲ್ಲವೆಂದು ಭಾವಿಸುವನು. ಆದರೆ ಹನ್ನೊಂದು ವರ್ಷಗಳಲ್ಲಿ ಆರು ವರ್ಷಗಳ ಮಳೆಯು ಈ ಸರಾಸರಿಗಿಂತ ಕಡಿಮೆಯಾಗಿರುವುದು. ಎಂದರೆ ಸರಾಸರಿಯಷ್ಟು ಮಳೆ ಬಂದೀತೆಂದು ನಂಬಿ ಬಿತ್ತಿದವನ ನಂಬಿಕೆಯು ಅರ್ಧಕ್ಕಿಂತ ಹೆಚ್ಚು ವರ್ಷಗಳಲ್ಲಿ ಹುಸಿಯಾಗುತ್ತಿತ್ತು.

ಇನ್ನು ಚತುರ್ಥಕವನ್ನು ಹುಡುಕುವ ಕ್ರಮ. ಒಂದೊಂದು ಚೀಟಿಯ ಮೇಲೆ ಒಂದೊಂದು ವರ್ಷವನ್ನೂ ಅದರ ಮಳೆಯನ್ನೂ ಬರೆದು, ಮಳೆಯು ಕಡಿಮೆಯಾದ ಚೀಟಿಯು ಮೊದಲು ಬರುವಂತೆ ಜೋಡಿಸತಕ್ಕದ್ದು. ಆಗ ಚೀಟಿಗಳು 86 (2015), 88 (2014), 91 (2018), 94 (2023), 95 (2017), 97 (2016), 99 (2021), 106 (2022), 108 (2024), 109 (2020), 110 (2019) ಎಂದು ನಿಲ್ಲುವುವು.

ಚೀಟಿಗಳ ಸಂಖ್ಯೆಗೆ ಒಂದನ್ನು ಕೂಡಿಸಿ ನಾಲ್ಕರಿಂದ ಭಾಗಿಸುವುದು ಒಂದು ರೂಢಿಯ ನಿಯಮ. ಹನ್ನೊಂದಕ್ಕೆ ಒಂದು ಕೂಡಿದರೆ ಹನ್ನೆರಡು; ಅದರ ಕಾಲುಭಾಗ ಮೂರು. ಆದುದರಿಂದ ಮೂರನೆಯ ಚೀಟಿಯು ಕೆಳಗಿನ ಚತುರ್ಥಕ, ಆರನೆಯದು ಮಧ್ಯಾಂಕ, ಒಂಬತ್ತನೆಯದು ಮೇಲಿನ ಚತುರ್ಥಕ. ಅವು ಕ್ರಮವಾಗಿ 91, 97 ಮತ್ತು 108. ವರ್ಷಗಳು 2018, 2016 ಮತ್ತು 2024. ನಾಲ್ಕು ವರ್ಷಗಳಲ್ಲಿ ಮೂರು ವರ್ಷ ನಂಬಬಹುದಾದ ಮಳೆಯು ಈ ದಾಖಲೆಯ ಮೇರೆಗೆ 91 ಮಾತ್ರ, 98.5 ಅಲ್ಲ.

ಎರಡು ವಿಧದ ಸ್ಥಾನಗಳು

ಇಲ್ಲಿ ಅನೇಕರು ಎಡವುವ ಒಂದು ಅಂಶವುಂಟು. ಚತುರ್ಥಕದ ಸ್ಥಾನವು ಮೂರು ಎಂದಾಗ, ಅದು ಜೋಡಿಸಿದ ಸಾಲಿನಲ್ಲಿ ಮೂರನೆಯದೇ ಹೊರತು ಮೂಲ ದಾಖಲೆಯಲ್ಲಿ ಮೂರನೆಯದಲ್ಲ. ದಾಖಲೆಯ ಮೂರನೆಯ ಸಾಲಿನಲ್ಲಿರುವುದು 2016ರ 97. ಅದು ಮಧ್ಯಾಂಕ, ಚತುರ್ಥಕವಲ್ಲ. ಎರಡನ್ನೂ ಒಂದೆಂದು ಎಣಿಸಿ 2016ನ್ನು ಕೊರತೆಯ ವರ್ಷದ ಮಾದರಿಯಾಗಿ ತೆಗೆದುಕೊಂಡವನು, ನಡುವಣ ವರ್ಷವನ್ನೇ ಕೆಟ್ಟ ವರ್ಷವೆಂದು ಭಾವಿಸಿ, ಮೇವನ್ನೂ ಬೀಜವನ್ನೂ ಕಡಿಮೆಯಾಗಿ ಕೂಡಿಟ್ಟು ಕಷ್ಟಕ್ಕೆ ಸಿಲುಕುವನು.

ಆದಕಾರಣ ಎರಡು ಸ್ಥಾನಗಳನ್ನು ಬೇರೆಬೇರೆಯಾಗಿ ಹೆಸರಿಸುವುದು ಲೇಸು. ಜೋಡಿಸಿದ ಸಾಲಿನಲ್ಲಿ ಎಷ್ಟನೆಯದೆಂಬುದನ್ನು ದರ್ಜೆ ಎಂದೂ, ಮೂಲ ದಾಖಲೆಯಲ್ಲಿ ಎಷ್ಟನೆಯದೆಂಬುದನ್ನು ಸಾಲು ಎಂದೂ ಕರೆಯಬಹುದು. 91ರ ದರ್ಜೆ ಮೂರು, ಸಾಲು ಐದು. 97ರ ದರ್ಜೆ ಆರು, ಸಾಲು ಮೂರು. 108ರ ದರ್ಜೆ ಒಂಬತ್ತು, ಸಾಲು ಹನ್ನೊಂದು. ಚೀಟಿಯ ಕ್ರಮದಲ್ಲಿ ವರ್ಷವು ಮಳೆಯ ಜೊತೆಯಲ್ಲಿಯೇ ಹೋಗುವುದರಿಂದ ಈ ಗೊಂದಲಕ್ಕೆ ಎಡೆಯಿಲ್ಲ. ವರ್ಷವನ್ನು ಬಿಟ್ಟು ಅಂಕಿಗಳನ್ನು ಮಾತ್ರ ಜೋಡಿಸಿದಾಗಲೇ ದಾರಿ ತಪ್ಪುವುದು.

ಗಣಕಯಂತ್ರದಿಂದ ಮಾಡಿಸುವ ಕ್ರಮ

ಹನ್ನೊಂದು ಚೀಟಿಗಳಿಗೆ ಯಂತ್ರದ ಅವಶ್ಯಕತೆಯಿಲ್ಲ. ಒಂದು ತಾಲ್ಲೂಕಿನ ಹೋಬಳಿಗಳ ಮೂವತ್ತು ನಲವತ್ತು ವರ್ಷಗಳ ಮಳೆಯನ್ನು ವಾರವಾರವಾಗಿ ನೋಡಬೇಕಾದರೆ ಚೀಟಿಗಳಿಂದ ಪೂರೈಸಲಾರದು. ಈ ಕೆಲಸಕ್ಕಾಗಿ ಸಂಖ್ಯಾಶಾಸ್ತ್ರಜ್ಞರು ಆರ್ ಎಂಬ ಗಣಕಭಾಷೆಯನ್ನೂ, ಪೈಥಾನ್ ಭಾಷೆಯ ನಂಪೈ ಎಂಬ ಉಪಕರಣವನ್ನೂ ವಿಶೇಷವಾಗಿ ಬಳಸುವರು. ಗ್ರಾಮದ ವಿದ್ಯಾವಂತ ಯುವಕರಲ್ಲಿ ಹಲವರು ಇವನ್ನು ಬಲ್ಲವರಾಗಿರುವುದರಿಂದ, ಮುಖಂಡರು ಅವರಿಂದ ಕೆಲಸವನ್ನು ಮಾಡಿಸುವಾಗ ಏನನ್ನು ಕೇಳಬೇಕು, ಏನನ್ನು ಪರೀಕ್ಷಿಸಬೇಕು ಎಂಬುದನ್ನು ಅರಿತಿರಬೇಕು.

ಮೊದಲನೆಯದಾಗಿ, ಆರ್ ಭಾಷೆಯಲ್ಲಿ ಆರ್ಡರ್ ಎಂಬ ಆಜ್ಞೆಯುಂಟು. ಅದು ಅಂಕಿಗಳನ್ನು ಜೋಡಿಸಿ ಕೊಡುವುದಿಲ್ಲ; ಏರಿಕೆಯ ಕ್ರಮದಲ್ಲಿ ಯಾವ ಯಾವ ಸಾಲಿನವು ಬರುವುವೆಂಬ ಪಟ್ಟಿಯನ್ನು ಕೊಡುವುದು. ಮೇಲಿನ ದಾಖಲೆಗೆ ಅದು ಕೊಡುವ ಪಟ್ಟಿಯು 2, 1, 5, 10, 4, 3, 8, 9, 11, 7, 6. ಇದರಲ್ಲಿ ಮೂರನೆಯದಾಗಿ ನಿಂತಿರುವ 5 ಎಂಬುದೇ ಕೆಳಗಿನ ಚತುರ್ಥಕದ ಸಾಲು. ಐದನೆಯ ಸಾಲಿನ ವರ್ಷವನ್ನು ಕೇಳಿದರೆ 2018 ಎಂದು ಉತ್ತರ ಬರುವುದು. ಚೀಟಿಯ ಕ್ರಮಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಎರಡನೆಯದಾಗಿ, ಕ್ವಾಂಟೈಲ್ ಎಂಬ ಆಜ್ಞೆಯಿಂದ ಚತುರ್ಥಕದ ಬೆಲೆಯನ್ನು ನೇರವಾಗಿ ಪಡೆದು, ಅದಕ್ಕೆ ಸಮನಾದ ಅಂಕಿಯು ದಾಖಲೆಯಲ್ಲಿ ಎಲ್ಲಿದೆಯೆಂದು ವಿಚ್ ಅಥವಾ ಮ್ಯಾಚ್ ಎಂಬ ಆಜ್ಞೆಯಿಂದ ಹುಡುಕುವುದು ಇನ್ನೊಂದು ಮಾರ್ಗ. ಇದು ಸುಲಭವಾಗಿ ತೋರಿದರೂ ಇದರಲ್ಲಿ ತೊಡಕುಗಳಿವೆ.

ಯಾವ ವರ್ಷಕ್ಕೂ ಸೇರದ ಚತುರ್ಥಕ

ಯಾವ ಸೂಚನೆಯನ್ನೂ ಕೊಡದೆ ಕೇಳಿದರೆ ಕ್ವಾಂಟೈಲ್ ಆಜ್ಞೆಯು ಮೇಲಿನ ದಾಖಲೆಯ ಕೆಳಗಿನ ಚತುರ್ಥಕವನ್ನು 91 ಎಂದು ಹೇಳುವುದಿಲ್ಲ, 92.5 ಎಂದು ಹೇಳುವುದು. ಇದು ಯಂತ್ರದ ತಪ್ಪಲ್ಲ, ನಿಯಮದ ಭೇದ. ಆ ನಿಯಮದ ಪ್ರಕಾರ ಕಡಿಮೆಯ ಅಂಕಿಯಿಂದ ಹೆಚ್ಚಿನ ಅಂಕಿಯವರೆಗೆ ಇರುವ ಹತ್ತು ಮೆಟ್ಟಿಲುಗಳ ಕಾಲುಭಾಗವಾದ ಎರಡೂವರೆ ಮೆಟ್ಟಿಲನ್ನು ಏರಬೇಕು. ಆಗ ಮೂರನೆಯ ಚೀಟಿಗೂ ನಾಲ್ಕನೆಯ ಚೀಟಿಗೂ ನಡುವೆ ನಿಂತಂತಾಗುವುದು. ಮೂರನೆಯದು 91, ನಾಲ್ಕನೆಯದು 94. ಎರಡರ ನಡುವಣದು 92.5. ಹನ್ನೊಂದು ವರ್ಷಗಳಲ್ಲಿ ಯಾವ ವರ್ಷವೂ 92.5 ಮಳೆಯನ್ನು ಕಂಡಿಲ್ಲ. ಆದುದರಿಂದ ವಿಚ್ ಆಜ್ಞೆಯು ಬರಿಗೈಯಲ್ಲಿ ಹಿಂದಿರುಗುವುದು.

ರಾಬ್ ಹೈಂಡ್‌ಮನ್ ಮತ್ತು ಯಾನಾನ್ ಫ್ಯಾನ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1996ರಲ್ಲಿ ಇಂತಹ ನಿಯಮಗಳನ್ನೆಲ್ಲ ಒಟ್ಟುಗೂಡಿಸಿ ಒಂಬತ್ತು ವಿಧಗಳನ್ನು ವಿವರಿಸಿದರು. ಆರ್ ಭಾಷೆಯು ಒಂಬತ್ತನ್ನೂ ಬಲ್ಲದು. ಏಳನೆಯ ವಿಧವನ್ನು ತಾನಾಗಿ ಬಳಸುವುದು. 92.5 ಎಂಬುದು ಈ ಏಳನೆಯ ವಿಧದ ಉತ್ತರ. ಸಂಖ್ಯೆಗೆ ಒಂದನ್ನು ಕೂಡಿಸಿ ಭಾಗಿಸುವ ಹಿಂದಿನ ನಿಯಮವು ಆರನೆಯ ವಿಧ. ಮೊದಲನೆಯ ವಿಧವು ಯಾವಾಗಲೂ ದಾಖಲೆಯಲ್ಲಿ ನಿಜವಾಗಿ ಇರುವ ಅಂಕಿಯನ್ನೇ ಆರಿಸಿ ಕೊಡುವುದು. ಎಕ್ಸೆಲ್ ಎಂಬ ಲೆಕ್ಕದ ಹಾಳೆಯಲ್ಲಿಯೂ ಎರಡು ಆಜ್ಞೆಗಳಿದ್ದು, ಕ್ವಾರ್ಟೈಲ್ ಇಂಕ್ ಎಂಬುದು 92.5ನ್ನೂ, ಕ್ವಾರ್ಟೈಲ್ ಎಕ್ಸ್‌ಕ್ ಎಂಬುದು 91ನ್ನೂ ಕೊಡುವುವು. ಒಂದೇ ದಾಖಲೆಯಿಂದ ಇಬ್ಬರು ಎರಡು ಉತ್ತರಗಳನ್ನು ತಂದರೆ ಒಬ್ಬನು ಸುಳ್ಳುಗಾರನೆಂದು ತಿಳಿಯಬೇಕಾಗಿಲ್ಲ. ಯಾವ ನಿಯಮವನ್ನು ಅನುಸರಿಸಿದರೆಂದು ಕೇಳತಕ್ಕದ್ದು.

ವರ್ಷವನ್ನು ಗುರುತಿಸುವುದೇ ಉದ್ದೇಶವಾಗಿದ್ದರೆ ಮೊದಲನೆಯ ವಿಧವನ್ನು ಬಳಸುವುದು ಯುಕ್ತ. ಅದರ ಪ್ರಕಾರ ಹನ್ನೊಂದರ ಕಾಲುಭಾಗವು 2.75 ಆಗುವುದರಿಂದ ಅದರ ಮೇಲಿನ ಪೂರ್ಣಸಂಖ್ಯೆಯಾದ ಮೂರನೆಯ ಚೀಟಿಯನ್ನು ತೆಗೆದುಕೊಳ್ಳಬೇಕು. ಉತ್ತರವು ಪುನಃ 2018ರ 91 ಆಗುವುದು.

ಕೆಲವರು 92.5ಕ್ಕೆ ಅತ್ಯಂತ ಸಮೀಪವಾದ ವರ್ಷವನ್ನು ಹುಡುಕುವರು. ಇದರಲ್ಲಿಯೂ ಎಚ್ಚರವಿರಬೇಕು. 91ಕ್ಕೂ 92.5ಕ್ಕೂ ಅಂತರವು ಒಂದೂವರೆ, 94ಕ್ಕೂ ಅಷ್ಟೇ. ಎರಡೂ ಸಮಾನ ದೂರದಲ್ಲಿದ್ದರೂ, ಅತ್ಯಂತ ಕಡಿಮೆಯ ಅಂತರವನ್ನು ಹುಡುಕುವ ಆಜ್ಞೆಯು ದಾಖಲೆಯಲ್ಲಿ ಮೊದಲು ಬರೆದಿರುವ 2018ನ್ನು ಮಾತ್ರ ತೋರಿಸಿ ಸುಮ್ಮನಾಗುವುದು. 2023ರ ಸುದ್ದಿಯನ್ನೇ ಎತ್ತದು.

ಗಮನಿಸತಕ್ಕ ಇತರ ಅಂಶಗಳು

ಸಮಾನವಾದ ಅಂಕಿಗಳು: ಮುಂದೊಂದು ವರ್ಷದ ಮಳೆಯೂ 108 ಆಯಿತೆಂದು ಭಾವಿಸಿದರೆ, 108 ಎಂಬ ಬೆಲೆಗೆ ಎರಡು ಸಾಲುಗಳಾಗುವುವು. ವಿಚ್ ಆಜ್ಞೆಯು ಎರಡನ್ನೂ ತೋರಿಸುವುದು. ಮ್ಯಾಚ್ ಆಜ್ಞೆಯು ಮೊದಲನೆಯದನ್ನು ಮಾತ್ರ ತೋರಿಸುವುದು. ವರ್ಷಗಳೆಲ್ಲವನ್ನೂ ತಿಳಿಯಬೇಕಾದರೆ ಮೊದಲಿನದನ್ನೇ ಬಳಸಬೇಕು.

ಸೊನ್ನೆಯಿಂದ ಎಣಿಕೆ: ಆರ್ ಭಾಷೆಯು ಸಾಲುಗಳನ್ನು ಒಂದರಿಂದ ಎಣಿಸುವುದು, ನಂಪೈ ಸೊನ್ನೆಯಿಂದ ಎಣಿಸುವುದು. ಅದರ ಆರ್ಗ್‌ಸಾರ್ಟ್ ಎಂಬ ಆಜ್ಞೆಯು 2018ರ ಸ್ಥಾನವನ್ನು 4 ಎಂದು ಹೇಳುವುದು. ಇದನ್ನರಿಯದೆ ನಾಲ್ಕನೆಯ ಸಾಲನ್ನು ನೋಡಿದವನಿಗೆ 2017 ಸಿಕ್ಕುವುದು.

ಬಿಟ್ಟುಹೋದ ವರ್ಷಗಳು: ಮಳೆಮಾಪಕವು ಕೆಟ್ಟುಹೋಗಿ ಒಂದು ವರ್ಷದ ಅಳತೆಯು ಇಲ್ಲವಾದರೆ ಆ ಸ್ಥಳದಲ್ಲಿ ಸೊನ್ನೆಯನ್ನು ಬರೆಯಲೇ ಕೂಡದು. ಅಳತೆಯಿಲ್ಲದಿರುವುದು ಬೇರೆ, ಮಳೆಯಿಲ್ಲದಿರುವುದು ಬೇರೆ. ಸೊನ್ನೆಯನ್ನು ಬರೆದರೆ ಅದು ಸಾಲಿನ ಮೊದಲಿಗೆ ಹೋಗಿ ನಿಂತು ಉಳಿದೆಲ್ಲವುಗಳ ದರ್ಜೆಯನ್ನೂ ಒಂದೊಂದು ಮುಂದಕ್ಕೆ ತಳ್ಳುವುದು. ಆ ಸಾಲನ್ನು ಕಿತ್ತುಹಾಕಿ ಲೆಕ್ಕ ಮಾಡಿದರೆ ಇನ್ನೊಂದು ವಿಧದ ತೊಡಕಾಗುವುದು. ಮೇಲಿನ ದಾಖಲೆಯಿಂದ 2017ನ್ನು ತೆಗೆದರೆ ಐದನೆಯ ಸಾಲಿಗೆ 2019 ಬಂದು ನಿಲ್ಲುವುದು. ಹಳೆಯ ಸಾಲಿನ ಎಣಿಕೆಯಿಂದ ವರ್ಷವನ್ನು ಹೇಳಿದವನು ಕೊರತೆಯ ವರ್ಷಕ್ಕೆ ಬದಲಾಗಿ ಅತಿ ಹೆಚ್ಚಿನ ಮಳೆಯ ವರ್ಷವನ್ನು ಹೆಸರಿಸುವನು. ಸಾಲಿನ ಸಂಖ್ಯೆಯನ್ನು ನಂಬದೆ ವರ್ಷದ ಹೆಸರನ್ನೇ ಅಂಕಿಯ ಜೊತೆಯಲ್ಲಿ ಇಟ್ಟುಕೊಳ್ಳುವುದು ಇದಕ್ಕೆ ಪರಿಹಾರ.

ದಶಮಾಂಶಗಳು: ಗಣಕಯಂತ್ರವು ದಶಮಾಂಶದ ಅಂಕಿಗಳನ್ನು ತನ್ನದೇ ಆದ ಎರಡರ ಎಣಿಕೆಯಲ್ಲಿ ಇಟ್ಟುಕೊಳ್ಳುವುದರಿಂದ, ಕಣ್ಣಿಗೆ ಸಮನಾಗಿ ಕಾಣುವ ಎರಡು ಅಂಕಿಗಳು ಅದಕ್ಕೆ ಕೂದಲೆಳೆಯಷ್ಟು ಬೇರೆಯಾಗಿ ತೋರಬಹುದು. ಲೆಕ್ಕದಿಂದ ಬಂದ ಬೆಲೆಗೆ ಸಮನಾದುದನ್ನು ಹುಡುಕುವುದಕ್ಕಿಂತ, ದರ್ಜೆಯಿಂದ ಸಾಲನ್ನು ಪಡೆಯುವ ಆರ್ಡರ್ ಆಜ್ಞೆಯೇ ನಂಬಿಕೆಗೆ ತಕ್ಕದ್ದು.

ಬೆಳೆವಿಮೆಯಲ್ಲಿ ಸ್ಥಾನದ ಮಹತ್ವ

ಸ್ಥಾನವನ್ನು ಗುರುತಿಸುವುದರಲ್ಲಿ ತಪ್ಪಿದರೆ ಹಣದ ನಷ್ಟವೂ ಆಗುವುದೆಂಬುದಕ್ಕೆ ಬೆಳೆವಿಮೆಯು ನಿದರ್ಶನವಾಗಿದೆ. 2016ರ ಮುಂಗಾರಿನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ 2018ರ ಪರಿಷ್ಕೃತ ಮಾರ್ಗಸೂಚಿಯ ಮೇರೆಗೆ, ವಿಮಾ ಘಟಕದ ಹಿಂದಿನ ಏಳು ವರ್ಷಗಳ ಇಳುವರಿಯಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯನ್ನು ತೆಗೆದು, ಅದನ್ನು ಆ ಬೆಳೆಗೆ ನಿಗದಿಯಾದ ಶೇಕಡಾ ಪ್ರಮಾಣದಿಂದ ಗುಣಿಸಿದರೆ ಬರುವುದೇ ಪ್ರಾರಂಭಿಕ ಇಳುವರಿ. ಬೆಳೆ ಕಟಾವು ಪ್ರಯೋಗಗಳಿಂದ ಗೊತ್ತಾದ ಇಳುವರಿಯು ಇದಕ್ಕಿಂತ ಎಷ್ಟು ಕಡಿಮೆಯೋ ಆ ಪ್ರಮಾಣದಲ್ಲಿ ಪರಿಹಾರವು ದೊರೆಯುವುದು. ಏಳರಲ್ಲಿ ಅತ್ಯಂತ ಕಡಿಮೆಯ ಎರಡು ವರ್ಷಗಳು ಯಾವುವೆಂದು ಗುರುತಿಸುವುದೇ ಇಲ್ಲಿಯ ಮುಖ್ಯ ಕಾರ್ಯ.

ವಿವರಣೆಗಾಗಿ ಮಾತ್ರ ಕಲ್ಪಿಸಿದ ಒಂದು ಉದಾಹರಣೆಯನ್ನು ನೋಡಬಹುದು. ಏಳು ವರ್ಷಗಳ ಇಳುವರಿಯು ಹೆಕ್ಟೇರಿಗೆ 12, 7, 14, 9, 13, 5, 11 ಕ್ವಿಂಟಾಲ್ ಎಂದೂ, ಶೇಕಡಾ ಪ್ರಮಾಣವು 80 ಎಂದೂ ಇರಲಿ. ಕಡಿಮೆಯವು 5 ಮತ್ತು 7. ಅವು ಆರನೆಯ ಮತ್ತು ಎರಡನೆಯ ಸಾಲಿನವು. ಇವನ್ನು ಬಿಟ್ಟರೆ ಉಳಿದ ಐದರ ಮೊತ್ತ 59, ಸರಾಸರಿ 11.8, ಪ್ರಾರಂಭಿಕ ಇಳುವರಿ 9.44. ಲೆಕ್ಕ ಮಾಡುವವನು ದರ್ಜೆಯನ್ನೂ ಸಾಲನ್ನೂ ಒಂದೆಂದು ಭ್ರಮಿಸಿ ಮೊದಲ ಎರಡು ಸಾಲುಗಳನ್ನೇ ಬಿಟ್ಟನೆಂದರೆ ಉಳಿದವುಗಳ ಮೊತ್ತ 52, ಸರಾಸರಿ 10.4, ಪ್ರಾರಂಭಿಕ ಇಳುವರಿ 8.32 ಆಗುವುದು. ಈ ವರ್ಷದ ಇಳುವರಿಯು 9 ಕ್ವಿಂಟಾಲ್ ಆಗಿದ್ದರೆ, ಸರಿಯಾದ ಲೆಕ್ಕದಲ್ಲಿ 0.44 ಕ್ವಿಂಟಾಲ್ ಕೊರತೆ ಕಂಡು, ಹೆಕ್ಟೇರಿಗೆ 50,000 ರೂಪಾಯಿಗಳ ವಿಮೆಗೆ ಸುಮಾರು 2,330 ರೂಪಾಯಿ ಪರಿಹಾರವಾಗುವುದು. ತಪ್ಪು ಲೆಕ್ಕದಲ್ಲಿ ಕೊರತೆಯೇ ಇಲ್ಲ, ಪರಿಹಾರವೂ ಇಲ್ಲ. ಅಂಕಿಗಳು ಅವೇ, ಹೊಲವೂ ಅದೇ. ಎರಡು ಸಾಲುಗಳನ್ನು ತಪ್ಪಾಗಿ ಆರಿಸಿದುದರಿಂದಲೇ ಗ್ರಾಮಕ್ಕೆ ನಷ್ಟವಾಗುವುದು. ಆದಕಾರಣ ಮುಖಂಡರು ತಮ್ಮ ಘಟಕದ ಏಳು ವರ್ಷಗಳ ಇಳುವರಿಯನ್ನು ವರ್ಷದ ಹೆಸರಿನೊಡನೆ ಬರೆದಿಟ್ಟುಕೊಂಡು, ಪ್ರಕಟವಾದ ಅಂಕಿಯೊಡನೆ ತಾಳೆ ನೋಡುವುದು ಒಳ್ಳೆಯದು.

ಬರಗಾಲದ ನಿರ್ಣಯದಲ್ಲಿಯೂ ಈ ಕ್ರಮವು ಬಳಕೆಗೆ ಬಂದಿದೆ. ಆಸ್ಟ್ರೇಲಿಯಾ ದೇಶದ ಗಿಬ್ಸ್ ಮತ್ತು ಮಾಹರ್ ಎಂಬವರು 1967ರಲ್ಲಿ, ಮಳೆಯ ದಾಖಲೆಯನ್ನು ಹತ್ತು ಪಾಲು ಮಾಡಿ, ಆಯಾ ಕಾಲದ ಮಳೆಯು ಎಷ್ಟನೆಯ ಪಾಲಿನಲ್ಲಿ ಬೀಳುವುದೆಂಬುದರಿಂದ ಬರದ ತೀವ್ರತೆಯನ್ನು ಅಳೆಯುವ ಪದ್ಧತಿಯನ್ನು ವಿವರಿಸಿದರು. ಅತ್ಯಂತ ಕೆಳಗಿನ ಹತ್ತನೆಯ ಒಂದು ಪಾಲಿನಲ್ಲಿ ಬಿದ್ದ ಮಳೆಯನ್ನು ಆ ದೇಶದ ಹವಾಮಾನ ಇಲಾಖೆಯು ಗಂಭೀರವಾದ ಕೊರತೆಯೆಂದು ಎಣಿಸುವುದು.

ದೇಶದ ಅಂಕಿ, ಊರಿನ ಅಂಕಿ

ಮೇಲೆ ಕೊಟ್ಟ ಹನ್ನೊಂದು ಅಂಕಿಗಳು ಕ್ರಮವನ್ನು ವಿಶದಪಡಿಸುವುದಕ್ಕಾಗಿ ಮಾತ್ರ. ಇಡೀ ದೇಶದ ಅಂಕಿಯಿಂದ ಒಂದು ಗ್ರಾಮದ ಬಿತ್ತನೆಯನ್ನು ನಿಶ್ಚಯಿಸಲಾಗದು. ದೇಶದ ಲೆಕ್ಕದಲ್ಲಿ ಕೆಳಗಿನ ಚತುರ್ಥಕದಲ್ಲಿ ನಿಂತ 2018ರ ಆಗಸ್ಟಿನಲ್ಲಿಯೇ ಕೊಡಗಿನಲ್ಲಿ ಅತಿವೃಷ್ಟಿಯಾಗಿ ಗುಡ್ಡಗಳು ಕುಸಿದುವು. ದೇಶದ ಲೆಕ್ಕದಲ್ಲಿ 94ರಷ್ಟು ಮಳೆಯಾಗಿ ನಾಲ್ಕನೆಯ ದರ್ಜೆಯಲ್ಲಿದ್ದ 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು.

ಒಟ್ಟು ಮಳೆಯು ಸಕಾಲದಲ್ಲಿ ಬಂದಿತೆಂದೂ ಹೇಳಲಾಗದು. ಹನ್ನೊಂದರಲ್ಲಿ ಮೇಲಿನ ದರ್ಜೆಯ 2019ರಲ್ಲಿ ಜೂನ್ ತಿಂಗಳ ಮಳೆಯು ದೇಶದಲ್ಲಿ ಶೇಕಡಾ 33ರಷ್ಟು ಕಡಿಮೆಯಾಗಿತ್ತು. 2023ರ ಆಗಸ್ಟಿನ ಮಳೆಯಂತೂ ಶೇಕಡಾ 36ರಷ್ಟು ಕೊರತೆಯಾಗಿ, 1901ರಿಂದೀಚಿನ ಆಗಸ್ಟ್ ತಿಂಗಳುಗಳಲ್ಲೆಲ್ಲ ಅತ್ಯಂತ ಒಣ ತಿಂಗಳಾಯಿತು. ಬೆಳೆಗೆ ಬೇಕಾದ ವಾರದಲ್ಲಿ ಬಾರದ ಮಳೆಯು ಮುಂದೆ ಎಷ್ಟು ಬಂದರೂ ಫಲವಿಲ್ಲ. ಆದುದರಿಂದ ಬಿತ್ತನೆಯ ವಾರಗಳು, ತೆನೆಯೊಡೆಯುವ ವಾರಗಳು ಎಂದು ವಿಂಗಡಿಸಿ, ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ಕೆಳಗಿನ ಚತುರ್ಥಕವನ್ನು ನೋಡಬೇಕು.

ಗ್ರಾಮದಲ್ಲಿ ಇಡತಕ್ಕ ದಾಖಲೆ

ಇದಕ್ಕೆ ಮೂಲವಾದ ಅಂಕಿಗಳು ಈಗ ದುರ್ಲಭವಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿ ಅಳೆಯುವ ಮಳೆಮಾಪಕಗಳನ್ನು ಸ್ಥಾಪಿಸಿದೆ. ಸ್ವಂತವಾಗಿ ಮಾಪಕವನ್ನಿಟ್ಟುಕೊಂಡವರು ಪ್ರತಿದಿನ ಬೆಳಿಗ್ಗೆ 8 ಗಂಟೆ 30 ನಿಮಿಷಕ್ಕೆ ಅಳೆದು, ಹಿಂದಿನ 24 ಗಂಟೆಗಳ ಮಳೆಯೆಂದು ಬರೆಯತಕ್ಕದ್ದು. ದಾಖಲೆಯಿಂದ ಚತುರ್ಥಕವನ್ನು ತೆಗೆಯುವಾಗ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಉತ್ತಮ:

1. ವರ್ಷ, ಮಳೆ, ಮುಖ್ಯ ಬೆಳೆಯ ಇಳುವರಿ ಇವು ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಬೇರೆಯಾಗಿ ಜೋಡಿಸಬಾರದು.
2. ಅಳತೆಯಿಲ್ಲದ ವರ್ಷಕ್ಕೆ ಸೊನ್ನೆಯನ್ನು ಹಾಕದೆ, ಅಳತೆಯಿಲ್ಲವೆಂದೇ ಬರೆಯಬೇಕು.
3. ಯಾವ ನಿಯಮದಿಂದ ಚತುರ್ಥಕವನ್ನು ತೆಗೆಯಲಾಯಿತೆಂಬುದನ್ನು ದಾಖಲೆಯ ಕೆಳಗೆ ನಮೂದಿಸಿ, ಪ್ರತಿವರ್ಷವೂ ಅದನ್ನೇ ಅನುಸರಿಸಬೇಕು.
4. ಉತ್ತರವನ್ನು ಹೇಳುವಾಗ ಬೆಲೆ, ದರ್ಜೆ, ವರ್ಷ ಮೂರನ್ನೂ ಹೇಳಬೇಕು.
5. ಯಂತ್ರದಿಂದ ಬಂದ ಉತ್ತರವನ್ನು ಒಂದು ಸಲವಾದರೂ ಚೀಟಿಗಳಿಂದ ಪರೀಕ್ಷಿಸಬೇಕು.

ದಾಖಲೆಯು ಚಿಕ್ಕದಾಗಿದ್ದಷ್ಟೂ ಚತುರ್ಥಕವು ಸುಲಭವಾಗಿ ಕದಲುವುದು. ಹನ್ನೊಂದು ವರ್ಷಗಳಿಗಿಂತ ಮೂವತ್ತು ವರ್ಷಗಳ ದಾಖಲೆಯು ಹೆಚ್ಚು ನಂಬಿಕೆಗೆ ಅರ್ಹವಾದುದು. ಹೀಗೆ ದೊರೆತ ಕೆಳಗಿನ ಚತುರ್ಥಕದ ಮಳೆಯಲ್ಲಿಯೂ ಕೈಗೆ ಬರುವ ರಾಗಿ, ನವಣೆ, ಹುರುಳಿಗಳಿಗೆ ಜಮೀನಿನ ಮುಖ್ಯ ಭಾಗವನ್ನು ಕೊಟ್ಟು, ಹೆಚ್ಚು ನೀರನ್ನು ಬೇಡುವ ಬೆಳೆಗೆ ಉಳಿದುದನ್ನು ಮಾತ್ರ ಮೀಸಲಿಟ್ಟರೆ, ನಾಲ್ಕರಲ್ಲಿ ಮೂರು ವರ್ಷ ಮನೆಯ ಕಣಜಕ್ಕೆ ಕೊರತೆಯಾಗದು. ನಾಲ್ಕನೆಯ ವರ್ಷಕ್ಕಾಗಿ ಮೇವನ್ನೂ ಬೀಜವನ್ನೂ ಕೂಡಿಡಬೇಕೆಂಬುದನ್ನು ಕೂಡ ಅದೇ ದಾಖಲೆಯ ಮೊದಲ ದರ್ಜೆಗಳಲ್ಲಿ ನಿಂತ ವರ್ಷಗಳು ತಿಳಿಸುವುವು.